ಬೆಲ್ಟ್ ಎಳೀತು, ಏರ್‌ಬ್ಯಾಗ್ ಮಾತ್ರ ತೆರೆಯಲಿಲ್ಲ. ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಆಳಂದದವರು. ಕಳೆದ ತಿಂಗಳು ರಾತ್ರಿ ಎಂಟರ ಸುಮಾರಿಗೆ ಕಲಬುರಗಿಗೆ ಬರುತ್ತಿದ್ದಾಗ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ನಮ್ಮ ಕಾರು ಹಿಂದಿನಿಂದ ಗುದ್ದಿತು. ಟ್ರ್ಯಾಲಿಗೆ ಲೈಟ್ ಇರಲಿಲ್ಲ, ರೇಡಿಯಂ ಕೂಡ ಹಚ್ಚಿರಲಿಲ್ಲ. 60ರಲ್ಲಿದ್ದೆ, ಬ್ರೇಕ್ ಒತ್ತಿದೆ, ಆದರೂ ಹೋಗಿ ಬಡಿಯಿತು. ಬಾನೆಟ್ ಮಡಚಿ ಮುಂದಿನ ಗಾಜು ಒಡೆದಿದೆ, ಬಂಪರ್‌ಗೆ ಮಾತ್ರ ಅಷ್ಟೇನೂ ಆಗಿಲ್ಲ. ನಾನು, ನನ್ನ ಹೆಂಡತಿ ಮುಂದೆ ಬೆಲ್ಟ್ ಹಾಕಿ ಕೂತಿದ್ದೆವು. 'ಫಟ್' ಅಂತ ಸದ್ದಾಗಿ ಬೆಲ್ಟ್ ಎದೆಗೆ ಬಿಗಿಯಿತು. ಏರ್‌ಬ್ಯಾಗ್ ಮಾತ್ರ ತೆರೆಯಲೇ ಇಲ್ಲ. ಹಿಂದೆ ಕೂತಿದ್ದ ನಮ್ಮ ಅವ್ವ ಬೆಲ್ಟ್ ಹಾಕಿರಲಿಲ್ಲ, ಮೂಗಿನ ಎಲುಬು ಮುರಿದಿದೆ. ಈಗ ಮುಂದಿನ ಎರಡೂ ಬೆಲ್ಟ್ ಜಾಮ್. ಗ್ಯಾರೇಜಿನ ಹುಡುಗ 'ಬಿಚ್ಚಿ ಸರಿ ಮಾಡಿ ಕೊಡ್ತೀನಿ ಅಣ್ಣಾರೆ, ಹೊಸಾದು ಯಾಕ್ ಬೇಕು' ಅಂತಾನೆ. ನಮ್ಮ ಭಾವ 'ಏರ್‌ಬ್ಯಾಗೇ ಡೂಪ್ಲಿಕೇಟ್ ಅದ, ಕಂಪನಿ ಮ್ಯಾಲೆ ಕೇಸ್ ಹಾಕು' ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಅವ್ವನವರ ಮೂಗು ಬೇಗ ವಾಸಿಯಾಗಲಿ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ಆ ಸಾಲೇ.

ಗ್ಯಾರೇಜಿನ ಹುಡುಗನ ಮಾತು ಖಂಡಿತ ಬೇಡ. ಆ ಎರಡು ಬೆಲ್ಟ್ ತಮ್ಮ ಕೆಲಸ ಮುಗಿಸಿವೆ. ಬೆಲ್ಟ್ ಸುತ್ತಿಕೊಳ್ಳುವ ರೀಲ್ ಸಮೇತ ಹೊಸದೇ ಹಾಕಿಸಬೇಕು. ಭಾವನವರ ಮಾತಿಗೆ ಅವಸರ ಬೇಡ. ನೀವು ಬರೆದಿರುವುದನ್ನು ಓದಿದರೆ, ಏರ್‌ಬ್ಯಾಗ್ ತೆರೆಯದೇ ಇರುವುದಕ್ಕೆ ಆ ಟ್ರ್ಯಾಲಿಯ ಎತ್ತರವೇ ಕಾರಣ ಇರಬೇಕು ಅನಿಸುತ್ತದೆ.

ನಾನು ಕಲಬುರಗಿಯಲ್ಲಿ ವಿಮಾ ಸರ್ವೇಯರ್. ಬೀದರ್, ಯಾದಗಿರಿ ಕಡೆಗೂ ಹೋಗಿ ಗುದ್ದಿದ ಗಾಡಿ ನೋಡುವುದೇ ನನ್ನ ಕೆಲಸ. ಜನ ಬಾನೆಟ್ ತೋರಿಸುತ್ತಾರೆ. ನಾನು ಬಾಗಿಲು ತೆಗೆದು ಬೆಲ್ಟನ್ನು ಪೂರ್ತಿ ಹೊರಗೆಳೆದು ಬೆರಳಿನಿಂದ ಸವರಿ ನೋಡುತ್ತೇನೆ. ಭುಜದ ಪಕ್ಕದ ಕಂಬದಲ್ಲಿ ಬೆಲ್ಟ್ ಹಾಯುವ ಕೊಂಡಿ ಇರುತ್ತದಲ್ಲ, ಗುದ್ದಿದಾಗ ಬೆಲ್ಟ್ ಹಾಕಿದ್ದರೆ ಅಲ್ಲಿ ತಿಕ್ಕಿದ ಜಾಗ ನುಣುಪಾಗಿ ಮಿಂಚುತ್ತದೆ. ಇಸ್ತ್ರಿ ಜಾಸ್ತಿ ಕಾದಾಗ ಟೆರಿಕಾಟ್ ಪ್ಯಾಂಟ್ ಮಿಂಚುತ್ತದಲ್ಲ, ಹಾಗೆ. ಕೊಂಡಿಯ ಪ್ಲಾಸ್ಟಿಕ್ ಕರಗಿ ನೇಯ್ಗೆಗೆ ಮೆತ್ತಿಕೊಂಡಿರುವುದೂ ಉಂಟು. 'ಬೆಲ್ಟ್ ಹಾಕಿದ್ದೆ ಸಾಹೇಬ್ರೆ' ಅನ್ನುವವರ ಬೆಲ್ಟ್ ಶೋರೂಮಿನಿಂದ ಬಂದಂತೆ ಇದ್ದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ.

ನಿಮ್ಮ ಬೆಲ್ಟ್ ಏನು ಮಾಡಿತು ಅಂತ ಹೇಳುವ ಮೊದಲು ಒಂದು ಲೆಕ್ಕ. ಬೀದರ್‌ನ ಚೌಬಾರಾ ಗೋಪುರ ನೋಡಿದ್ದೀರಲ್ವಾ? 71 ಅಡಿ ಎತ್ತರ. ಅದರ ತುದಿಯಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ ಸುಮಾರು 75 ಕಿ.ಮೀ. ವೇಗದಲ್ಲಿರುತ್ತಾನೆ. ಹುಮ್ನಾಬಾದ್ ರಸ್ತೆಯಲ್ಲಿ 75ರಲ್ಲಿ ಹೋಗುವಾಗ ನಮಗೆ ಯಾರಿಗೂ ಚೌಬಾರಾದ ತುದಿಯಲ್ಲಿ ಕೂತ ಹಾಗೆ ಅನಿಸುವುದಿಲ್ಲ. ಕಾರು ಗುದ್ದಿ ನಿಲ್ಲುತ್ತದೆ, ಒಳಗಿರುವ ನಾವು ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತೇವೆ, ಏನಾದರೂ ತಡೆಯುವ ತನಕ. ಆ ತಡೆ ಸ್ಟೀರಿಂಗೋ, ಗಾಜೋ, ಬೆಲ್ಟೋ ಅನ್ನುವುದಷ್ಟೇ ಪ್ರಶ್ನೆ.

ಮನೆ ಕಟ್ಟುವ ಕಡೆ ಕೆಳಗಿನವನು ಇಟ್ಟಿಗೆ ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಅವನ ಕೈ ಗಮನಿಸಿ. ಇಟ್ಟಿಗೆ ಬಂದ ಕೂಡಲೇ ಕೈಯನ್ನೂ ಅದರ ಜೊತೆಗೇ ಹಿಂದಕ್ಕೆ ತರುತ್ತಾನೆ. ಕೈ ಗಟ್ಟಿಯಾಗಿ ಚಾಚಿ ಹಿಡಿದರೆ ಅಂಗೈ ಒಡೆಯುತ್ತದೆ. ಕಾರಿನ ಮುಂಭಾಗ ಮಡಚುವುದೂ ಇದಕ್ಕಾಗಿಯೇ. 'ಈಗಿನ ಕಾರು ಡಬ್ಬ, ಮುಟ್ಟಿದರೆ ಮಡಚುತ್ತದೆ' ಅಂತ ಹಳಬರು ಬೈಯುತ್ತಾರೆ. ಅದು ಮಡಚುವ ಆ ಎರಡು ಅಡಿಯಲ್ಲೇ ನಿಮಗೆ ನಿಧಾನವಾಗಿ ನಿಲ್ಲಲು ಜಾಗ ಸಿಗುವುದು. ಆದರೆ ಆ ಜಾಗ ನಿಮ್ಮ ಪಾಲಿಗೆ ಬರಬೇಕಾದರೆ, ಕಾರು ನಿಲ್ಲಲು ಶುರುಮಾಡಿದ ಕ್ಷಣದಿಂದಲೇ ನೀವೂ ಕಾರಿಗೆ ಕಟ್ಟಿಕೊಂಡಿರಬೇಕು. ಬೆಲ್ಟ್ ನಾಲ್ಕು ಬೆರಳು ಸಡಿಲ ಇದ್ದರೆ, ಆ ನಾಲ್ಕು ಬೆರಳು ನೀವು ಸುಮ್ನೆ ತೇಲಿ ಹೋಗುತ್ತೀರಿ. ಅಷ್ಟರಲ್ಲಿ ಕಾರು ಅರ್ಧ ಮಡಚಿ ಮುಗಿದಿರುತ್ತದೆ.

ಈ ಸಡಿಲ ಎಲ್ಲರ ಬೆಲ್ಟಿನಲ್ಲೂ ಇರುತ್ತದೆ. ಸೀರೆಯ ನೆರಿಗೆ, ಚಳಿಗಾಲದ ಸ್ವೆಟರ್, ದಪ್ಪ ಜುಬ್ಬಾ, ರೀಲಿನಲ್ಲಿ ಸುತ್ತಿದ ಪಟ್ಟಿಯ ಪದರಗಳ ನಡುವಿನ ಗಾಳಿ, ಎಲ್ಲ ಸೇರಿಯೇ ಈ ಸಡಿಲ ಆಗುತ್ತದೆ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮಾಡಿಕೊಟ್ಟ ಮೂರು ತುದಿಯ ಬೆಲ್ಟನ್ನೇ ನಾವು ಈಗಲೂ ಕಟ್ಟುತ್ತಿದ್ದೇವೆ. ಆಗಿದ್ದ ಈ ಸಡಿಲದ ತೊಂದರೆಗೆ ಆಮೇಲೆ ಬಂದ ಉಪಾಯವೇ ಪ್ರಿಟೆನ್ಷನರ್. ನೀವು ಕೇಳಿದ 'ಫಟ್' ಅದರದ್ದೇ.

ಬೆಲ್ಟನ್ನು ಜೋರಾಗಿ ಜಗ್ಗಿದರೆ ಹಿಡಿದುಕೊಳ್ಳುತ್ತದೆ, ನಿಧಾನ ಎಳೆದರೆ ಬರುತ್ತದೆ. ಇದು ಮಾಮೂಲಿ ಲಾಕ್. ರೀಲಿನ ಪಕ್ಕದಲ್ಲಿ ಒಂದು ಬಟ್ಟಲು, ಅದರಲ್ಲಿ ಒಂದು ಉಕ್ಕಿನ ಗುಂಡು. ಜೋರಾಗಿ ಬ್ರೇಕ್ ಹಾಕಿದಾಗ ಗುಂಡು ಉರುಳಿ ಒಂದು ಸಣ್ಣ ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿ ರೀಲ್ ನಿಲ್ಲುತ್ತದೆ. ಇದರಲ್ಲಿ ಕರೆಂಟೂ ಇಲ್ಲ, ಪಟಾಕಿಯಂಥ ಮದ್ದೂ ಇಲ್ಲ. ಆದರೆ ಇದು ಬೆಲ್ಟನ್ನು ಬಿಡದಂತೆ ಹಿಡಿಯುತ್ತದೆ ಅಷ್ಟೇ, ಸಡಿಲವನ್ನು ಹಿಂದಕ್ಕೆ ಎಳೆಯುವುದಿಲ್ಲ.

ಎಳೆಯುವುದು ಪ್ರಿಟೆನ್ಷನರ್. ಒಮ್ಮೆ ಟೋಟಲ್ ಲಾಸ್ ಆದ, ಅಂದರೆ ರಿಪೇರಿಗೆ ಬಾರದ ಕಾರಿನಿಂದ, ಆಗಲೇ ಮದ್ದು ಉರಿದು ಹಾರಿದ್ದ ಒಂದು ರೀಲ್ ತೆಗೆಸಿ ಬಿಚ್ಚಿ ನೋಡಿದೆ. (ಹಾರದೇ ಇರುವುದನ್ನು ಮಾತ್ರ ಯಾರೂ ಬಿಚ್ಚಬೇಡಿ. ಅದು ಕೈಯಲ್ಲಿ ಹಿಡಿದ ಪಟಾಕಿ.) ರೀಲಿನ ಬದಿಗೆ ಬೆರಳು ಗಾತ್ರದ ಉಕ್ಕಿನ ಕೊಳವೆ. ಅದರ ಬುಡದಲ್ಲಿ ಚಿಟಿಕೆಯಷ್ಟು ಮದ್ದು ಇದ್ದ ಗೂಡು, ಒಳಗೆಲ್ಲ ಮಸಿ. ಕಾರಿನ ಕಂಪ್ಯೂಟರ್ ಕಿಡಿ ಕೊಟ್ಟರೆ ಮದ್ದು ಉರಿದು, ಹೊಗೆ ಕೊಳವೆಯಲ್ಲಿರುವ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ರೀಲನ್ನು ಹಿಂದಕ್ಕೆ ತಿರುಗಿಸುತ್ತದೆ. ಸುಮಾರು 10 ಸೆಂ.ಮೀ. ಬೆಲ್ಟ್ ಒಳಗೆ ಹೋಗುತ್ತದೆ. ಇದಕ್ಕೆ ಹಿಡಿಯುವ ಹೊತ್ತು 10 ಮಿಲಿ ಸೆಕೆಂಡ್ ಆಸುಪಾಸು, ಅಂದರೆ ಸೆಕೆಂಡಿನ ನೂರನೇ ಒಂದು ಭಾಗ. ನೀವು ಮುಂದಕ್ಕೆ ಬಾಗುವ ಮೊದಲೇ ಬೆನ್ನು ಸೀಟಿಗೆ ಅಂಟಿರುತ್ತದೆ.

ರೀಲಿನ ನಟ್ಟನಡುವೆ ಇನ್ನೊಂದು ಚಮತ್ಕಾರ ಇತ್ತು. ಪೆನ್ಸಿಲ್ ದಪ್ಪದ ಒಂದು ಉಕ್ಕಿನ ಸರಳು, ಹೊಸೆದ ದೀಪದ ಬತ್ತಿಯ ಹಾಗೆ ತಿರುಚಿಕೊಂಡಿತ್ತು. ಅದು ಮುರಿದದ್ದಲ್ಲ, ತಿರುಚಲೆಂದೇ ಇಟ್ಟದ್ದು. ಬೆಲ್ಟ್ ಎದೆಯನ್ನು ಹಿಡಿದೇ ಬಿಟ್ಟರೆ ಪಕ್ಕೆಲುಬು ಮುರಿಯುತ್ತದೆ. ಅದಕ್ಕೆ ಎಳೆತ ಸುಮಾರು ನಾಲ್ಕು ಕ್ವಿಂಟಲ್ ದಾಟಿದರೆ ಈ ಸರಳು ನಿಧಾನವಾಗಿ ತಿರುಚುತ್ತಾ ಬೆಲ್ಟನ್ನು ಸ್ವಲ್ಪ ಸ್ವಲ್ಪ ಬಿಡುತ್ತದೆ. ಮೊದಲು ಬಿಗಿದು, ಆಮೇಲೆ ಲೆಕ್ಕಹಾಕಿ ಬಿಡುವುದು. ಇಟ್ಟಿಗೆ ಹಿಡಿಯುವವನ ಕೈ ಇದೇ ಅಲ್ವಾ?

ಒಮ್ಮೆ ತಿರುಚಿದ ಸರಳು ನೆಟ್ಟಗಾಗುವುದಿಲ್ಲ. ಒಮ್ಮೆ ಉರಿದ ಮದ್ದು ಮತ್ತೆ ಉರಿಯುವುದಿಲ್ಲ. ಗ್ಯಾರೇಜಿನ ಹುಡುಗ 'ಸರಿ ಮಾಡ್ತೀನಿ' ಅನ್ನುವುದು ಬೆಲ್ಟ್ ಮತ್ತೆ ಹೊರಗೆ ಬಂದು ಒಳಗೆ ಹೋಗುವಂತೆ ಮಾಡುವುದಷ್ಟೇ. ನೋಡಲು ಬೆಲ್ಟ್ ಇರುತ್ತದೆ, ಪೊಲೀಸರಿಗೂ ಕಾಣುತ್ತದೆ, ಗುದ್ದಿದಾಗ ಮಾತ್ರ ಇರುವುದಿಲ್ಲ.

ಈಗ ಏರ್‌ಬ್ಯಾಗ್. ಸ್ಟೀರಿಂಗ್ ಮೇಲೆ ಬರೆದಿರುವ ಎಸ್‌ಆರ್‌ಎಸ್ ಅಕ್ಷರಗಳಲ್ಲಿ ಮೊದಲ 'ಎಸ್' ಅಂದರೆ 'ಜೊತೆಗೆ ಇರುವಂಥದ್ದು' ಅಂತ. ಯಾವುದರ ಜೊತೆಗೆ? ಬೆಲ್ಟಿನ ಜೊತೆಗೆ. ಬೆಲ್ಟ್ ಮೈಯನ್ನು ಹಿಡಿಯುತ್ತದೆ, ತಲೆಯನ್ನು ಹಿಡಿಯುವುದಿಲ್ಲ. ಕತ್ತು ಮುಂದಕ್ಕೆ ಬಾಗಿ ತಲೆ ಸ್ಟೀರಿಂಗಿಗೆ ಹೋಗುತ್ತದೆ. ಆ ತಲೆಗೆ ಒಂದು ದಿಂಬು ಬೇಕು, ಅದೂ ತಲೆ ಬರುವ ಮೊದಲೇ ಅಲ್ಲಿರಬೇಕು. ಗಂಟೆಗೆ 50ರಲ್ಲಿ ಗೋಡೆಗೆ ಗುದ್ದಿದರೆ 10ರಿಂದ 20 ಮಿಲಿ ಸೆಕೆಂಡಿನಲ್ಲಿ ಕಂಪ್ಯೂಟರ್ 'ತೆರೆ' ಅನ್ನುತ್ತದೆ. ಇನ್ನೊಂದು 30ರಲ್ಲಿ ಬ್ಯಾಗ್ ತುಂಬುತ್ತದೆ. ಮೂರ್ನಾಲ್ಕು ಕೊಡ ನೀರು ಹಿಡಿಯುವಷ್ಟು ದೊಡ್ಡ ಬ್ಯಾಗ್ ಅದು. ಇಷ್ಟೆಲ್ಲ ಆಗುವಷ್ಟರಲ್ಲಿ ನೀವು ಒಮ್ಮೆ ಕಣ್ಣು ಮಿಟುಕಿಸಿಯೂ ಆಗಿರುವುದಿಲ್ಲ.

ಪಂಪಿನಿಂದ ಇಷ್ಟು ಬೇಗ ಗಾಳಿ ತುಂಬಲು ಆಗದು. ಅಲ್ಲೂ ಮದ್ದೇ. ಹಿಂದೆ ಸೋಡಿಯಂ ಅಝೈಡ್ ಬಳಸುತ್ತಿದ್ದರು, ಈಗ ಹೆಚ್ಚಾಗಿ ಗ್ವಾನಿಡಿನ್ ನೈಟ್ರೇಟ್. ಉರಿದಾಗ ಮುಖ್ಯವಾಗಿ ಸಾರಜನಕ ಬರುತ್ತದೆ. ತೆರೆದ ಬ್ಯಾಗಿನ ಕಾರಿನೊಳಗೆ ದೀಪಾವಳಿ ಮರುದಿನದ ವಾಸನೆ, ಡ್ಯಾಶ್‌ಬೋರ್ಡ್ ಮೇಲೆಲ್ಲ ಬಿಳಿ ಪುಡಿ. ಮಡಚಿಟ್ಟ ಬ್ಯಾಗಿನ ಬಟ್ಟೆ ಅಂಟದಿರಲಿ ಅಂತ ಹಾಕಿದ ಪುಡಿ ಅದು. ಜನ ಬೆಂಕಿ ಹತ್ತಿತು ಅಂತ ಗಾಬರಿಯಾಗುತ್ತಾರೆ.

ಬ್ಯಾಗ್ ತುಂಬಿಕೊಂಡೇ ಇರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅದರ ಹಿಂಬದಿಯಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ತೂತುಗಳಿವೆ. ತಲೆ ಒತ್ತಿದಾಗ ಗಾಳಿ ಅಲ್ಲಿಂದ ಹೊರಗೆ ಹೋಗಿ ತಲೆ ನಿಧಾನವಾಗಿ ಒಳಗಿಳಿಯುತ್ತದೆ. ತೂತು ಇಲ್ಲದಿದ್ದರೆ ಫುಟ್‌ಬಾಲಿಗೆ ಮುಖ ಕೊಟ್ಟ ಹಾಗೆ, ತಿರುಗಿ ಎಸೆಯುತ್ತಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ಯಾಗ್ ಬಿಚ್ಚಿಕೊಳ್ಳುವಾಗ ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಹೊರಗೆ ಬರುತ್ತದೆ. ತುಂಬಿದ ಮೇಲೆ ಮುಖ ತಾಗಿದರೆ ದಿಂಬು. ತುಂಬುತ್ತಿರುವಾಗ ತಾಗಿದರೆ ಗುದ್ದು. ಬೆಲ್ಟ್ ಹಾಕದವನು ಬ್ರೇಕ್ ಬಿದ್ದಾಗಲೇ ಮುಂದಕ್ಕೆ ಜಾರಿ ಸ್ಟೀರಿಂಗ್ ಹತ್ತಿರ ಬಂದಿರುತ್ತಾನೆ, ಬ್ಯಾಗ್ ಅವನ ಗದ್ದಕ್ಕೇ ಹೊಡೆಯುತ್ತದೆ. ಅದಕ್ಕೇ ಎದೆಯಿಂದ ಸ್ಟೀರಿಂಗಿನ ನಡುಭಾಗಕ್ಕೆ ಕನಿಷ್ಠ 25 ಸೆಂ.ಮೀ. ಇರಲಿ ಅನ್ನುವುದು, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೇ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮುಂದೆ ಕೂರಬಾರದು ಅನ್ನುವುದು. ಬ್ಯಾಗಿಗೂ ತಾಯಿಗೂ ನಡುವೆ ಮಗು ಸಿಕ್ಕಿಬೀಳುತ್ತದೆ. 'ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ' ಅನ್ನುತ್ತಾರೆ. 50ರಲ್ಲಿ ಗುದ್ದಿದರೆ 10 ಕೆಜಿಯ ಮಗು ಕೈಗೆ ಒಂದೂವರೆ ಕ್ವಿಂಟಲ್ ಹತ್ತಿರ ಭಾರವಾಗುತ್ತದೆ. ಯಾವ ಅಪ್ಪನ ಕೈಯೂ ತಡೆಯದು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ: ಮುಂದಿನಿಂದ ಗುದ್ದಿದ ಅಪಘಾತಗಳಲ್ಲಿ ಸಾಯುವ ಸಂಭವವನ್ನು ಬರೀ ಏರ್‌ಬ್ಯಾಗ್ ಶೇ. 34ರಷ್ಟು ತಗ್ಗಿಸುತ್ತದೆ, ಬರೀ ಬೆಲ್ಟ್ ಶೇ. 50ರಷ್ಟು, ಎರಡೂ ಸೇರಿ ಶೇ. 61ರಷ್ಟು. 'ಆರು ಏರ್‌ಬ್ಯಾಗ್ ಅದಾವ್ರಿ' ಅಂತ ಎದೆ ಉಬ್ಬಿಸಿ ಬೆಲ್ಟ್ ಬಿಟ್ಟು ಓಡಿಸುವವರಿಗೆ ನಾನು ಇದನ್ನೇ ಹೇಳುವುದು. ಇನ್ನು ಕೆಲವರು ಬೆಲ್ಟಿನ ಬೀಪ್ ಸದ್ದು ನಿಲ್ಲಿಸಲು ಬಕಲಿಗೆ ಬರೀ ಕ್ಲಿಪ್ ಸಿಕ್ಕಿಸುತ್ತಾರೆ. ಕೆಲವು ಕಾರುಗಳಲ್ಲಿ ಬೆಲ್ಟ್ ಹಾಕಿದೆಯೋ ಇಲ್ಲವೋ ನೋಡಿಕೊಂಡೇ ಕಂಪ್ಯೂಟರ್ ಬ್ಯಾಗ್ ಯಾವಾಗ ತೆರೆಯಬೇಕು ಅಂತ ತೀರ್ಮಾನಿಸುತ್ತದೆ. ಕ್ಲಿಪ್ ಹಾಕುವುದು ಅಂದರೆ ಅದಕ್ಕೆ ಸುಳ್ಳು ಹೇಳುವುದು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಕ್ಲಿಪ್ ಮಾರದಂತೆ ಆನ್‌ಲೈನ್ ಅಂಗಡಿಗಳಿಗೆ ಆದೇಶ ಮಾಡಿತು.

ಸರಿ, ನಿಮ್ಮದು ಯಾಕೆ ತೆರೆಯಲಿಲ್ಲ? ಕಂಪ್ಯೂಟರ್ ನೋಡುವುದು ಸ್ಪೀಡೋಮೀಟರ್ ಮುಳ್ಳನ್ನಲ್ಲ. ಕಾರು ಎಷ್ಟು ಥಟ್ಟನೆ ನಿಂತಿತು ಅನ್ನುವುದನ್ನು. ಗಟ್ಟಿ ಗೋಡೆಗೆ 20–25 ಕಿ.ಮೀ. ವೇಗದಲ್ಲಿ ಗುದ್ದಿದಷ್ಟು ಏಟು ಬಿದ್ದರೆ ಮುಂದಿನ ಬ್ಯಾಗ್ ತೆರೆಯುತ್ತದೆ ಅಂತ ಒಂದು ಅಂದಾಜು ಇಟ್ಟುಕೊಳ್ಳಿ. ಪ್ರಿಟೆನ್ಷನರ್ ಎಷ್ಟೋ ಕಾರುಗಳಲ್ಲಿ ಇದಕ್ಕಿಂತ ಕಡಿಮೆ ಏಟಿಗೇ ಹಾರುತ್ತದೆ. ಅಂದರೆ ನಿಮ್ಮ ಕಾರಿನ ಕಂಪ್ಯೂಟರ್ ಎಚ್ಚರವಾಗಿತ್ತು, ಏಟನ್ನು ಅಳೆಯಿತು, 'ಇದಕ್ಕೆ ಬೆಲ್ಟ್ ಸಾಕು' ಅಂತ ನಿರ್ಧರಿಸಿತು. ಡೂಪ್ಲಿಕೇಟ್ ಅಲ್ಲ ಅನ್ನುವುದಕ್ಕೆ ಆ 'ಫಟ್' ಸದ್ದೇ ದೊಡ್ಡ ಸುಳಿವು.

ಇನ್ನೊಂದು, ಬಾನೆಟ್ ಮಡಚಿದೆ, ಗಾಜು ಒಡೆದಿದೆ, ಬಂಪರ್‌ಗೆ ಅಷ್ಟೇನೂ ಆಗಿಲ್ಲ ಅಂತ ನೀವೇ ಬರೆದಿದ್ದೀರಿ. ಇದನ್ನು ಓದಿದಾಗಲೇ ನನಗೆ ಟ್ರ್ಯಾಲಿ ಕಣ್ಣ ಮುಂದೆ ಬಂತು. ಟ್ರ್ಯಾಲಿಯ ತಳ ಎತ್ತರ. ಕಾರಿನ ಮೂಗು ಅದರ ಕೆಳಗೆ ನುಗ್ಗುತ್ತದೆ. ಏಟನ್ನು ತಿನ್ನಬೇಕಾದ ಬಂಪರ್ ಹಿಂದಿನ ಗಟ್ಟಿ ತೊಲೆಗಳಿಗೆ ಏನೂ ತಾಗುವುದಿಲ್ಲ, ಮೆತ್ತಗಿನ ಬಾನೆಟ್ ಮಾತ್ರ ಮಡಚುತ್ತಾ ಹೋಗುತ್ತದೆ. ಕಾರು ಥಟ್ಟನೆ ನಿಲ್ಲುವುದಿಲ್ಲ, ಜಾರಿ ನಿಲ್ಲುತ್ತದೆ. ಹಾಗಾಗಿ ಬ್ಯಾಗ್ ತೆರೆಯುವುದಿಲ್ಲ, ಅಥವಾ ತಡವಾಗಿ ತೆರೆಯುತ್ತದೆ. ಇನ್ನೂ 20 ಕಿ.ಮೀ. ಜಾಸ್ತಿ ಇದ್ದಿದ್ದರೆ ಟ್ರ್ಯಾಲಿಯ ಅಂಚು ಗಾಜು ದಾಟಿ ಒಳಗೇ ಬರುತ್ತಿತ್ತು. ಆಗ ಬೆಲ್ಟೂ ಇಲ್ಲ, ಬ್ಯಾಗೂ ಇಲ್ಲ. ಆಳಂದ, ಅಫಜಲಪುರ, ಭಾಲ್ಕಿ ಕಡೆ ಕಬ್ಬಿನ ಸೀಸನ್ ಬಂತೆಂದರೆ ನನಗೆ ರಾತ್ರಿ ಫೋನ್ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುವುದು ಇದಕ್ಕೇ. ಕಬ್ಬಿಗೆ ದರ ಕೇಳಲು ನೂರು ಜನ ಸೇರುತ್ತಾರೆ, ಟ್ರ್ಯಾಲಿಗೆ ಒಂದು ಗೇಣು ರೇಡಿಯಂ ಹಚ್ಚಲು ಯಾರೂ ಇಲ್ಲ.

ಭಾವನವರ ಸಮಾಧಾನಕ್ಕೆ ಒಂದು ಪರೀಕ್ಷೆ ಮಾಡಿಸಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಏನೇನು ದಾಖಲಾಗಿದೆ ಅಂತ ಬರೆಸಿಕೊಳ್ಳಿ. ಗುದ್ದುವ ಮೊದಲೇ ದೋಷ ಇತ್ತು ಅಂತ ಬಂದರೆ ಆಗ ಮಾತಾಡೋಣ. ಸ್ಟೀರಿಂಗ್ ಒಳಗೆ ಕ್ಲಾಕ್ ಸ್ಪ್ರಿಂಗ್ ಅಂತ ಸುರುಳಿ ಪಟ್ಟಿ ಇರುತ್ತದೆ, ಹಾರ್ನಿಗೂ ಬ್ಯಾಗಿಗೂ ಕರೆಂಟ್ ಹೋಗುವುದು ಅದರಲ್ಲೇ. ಗುದ್ದುವ ಮೊದಲು ಹಾರ್ನ್ ಕೈಕೊಟ್ಟು ಏರ್‌ಬ್ಯಾಗ್ ದೀಪ ಉರಿಯುತ್ತಿತ್ತಾ? ನೆನಪು ಮಾಡಿಕೊಳ್ಳಿ.

ಆ ದೀಪದ ಬಗ್ಗೆ ನನ್ನದೇ ಪೆಟ್ಟು ಹೇಳುತ್ತೇನೆ. ಸರ್ವೇಯರ್ ಆಗಿಯೂ ನಾನು ಒಮ್ಮೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಮೋಸ ಹೋದೆ. ದೀಪ ಸರಿಯಾಗಿಯೇ ಹತ್ತಿ ಆರುತ್ತಿತ್ತು. ಒಂದು ವರ್ಷದ ಮೇಲೆ ಹಾರ್ನ್ ರಿಪೇರಿಗೆ ಸ್ಟೀರಿಂಗ್ ಬಿಚ್ಚಿಸಿದರೆ ಒಳಗೆ ಬ್ಯಾಗೇ ಇಲ್ಲ. ಎರಡು ವೈರಿನ ನಡುವೆ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಸಣ್ಣ ಭಾಗ), 2 ಓಮ್‌ನದ್ದು. ಬ್ಯಾಗಿನ ಕಿಡಿ ಹೊತ್ತಿಸುವ ತಂತಿಯೂ ಸುಮಾರು ಅಷ್ಟೇ ಓಮ್ ಇರುತ್ತದೆ, ಕಂಪ್ಯೂಟರ್ ನಂಬಿಬಿಟ್ಟಿತ್ತು. ಆ ವರ್ಷವಿಡೀ ನನ್ನ ಮಗಳನ್ನು ಅದೇ ಕಾರಿನಲ್ಲಿ ಕಾಲೇಜಿಗೆ ಬಿಟ್ಟಿದ್ದೇನೆ. ಹಾಗಾಗಿ ಹೇಳುತ್ತೇನೆ, ಹೊಸ ಬೆಲ್ಟ್ ಹಾಕುವಾಗ ಎದುರಿಗೆ ನಿಂತುಕೊಳ್ಳಿ, ಹಳೆಯ ರೀಲ್‌ಗಳನ್ನು ಕೇಳಿ ನೋಡಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ಕೀಲಿ ತಿರುಗಿಸಿದಾಗ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿದೇ ಇದ್ದರೂ ತಪ್ಪು, ಉರಿಯದೇ ಇದ್ದರೂ ತಪ್ಪು.

ವಿಮೆಯಲ್ಲಿ ಇವು ಬರುತ್ತವೆ, ಎಸ್ಟಿಮೇಟಿನಲ್ಲಿ ಎರಡೂ ಬೆಲ್ಟ್ ಸೇರಿಸಲು ಹೇಳಿ. ಬ್ಯಾಗ್ ತೆರೆದಿದ್ದರೆ ಖರ್ಚು ಜಾಸ್ತಿ ಆಗುತ್ತಿತ್ತು. ಝೀರೋ ಡೆಪ್ (ಸವಕಳಿ ಅಂತ ದುಡ್ಡು ಕಡಿಯದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಏರ್‌ಬ್ಯಾಗಿಗೆ ಶೇ. 50 ಕಡಿತ ಇದೆ.

ಕಾರು ಗ್ಯಾರೇಜಿನಲ್ಲಿರುವಾಗಲೇ ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸಲು ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಏಟನ್ನು ಬೇರೆ ದಾರಿಯಲ್ಲಿ ಕಳಿಸಿ ಕಂಪ್ಯೂಟರಿಗೆ ಗೊಂದಲ ಮಾಡುತ್ತದೆ, 2017ರಿಂದಲೇ ಕೇಂದ್ರ ಅದಕ್ಕೆ ನಿಷೇಧ ಹೇಳಿದೆ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಬಸವಣ್ಣನ ಮೂರ್ತಿ ಅಂಟಿಸಿದ್ದರೆ ನಡುವಿಗೆ ಸರಿಸಿ. ಅದರ ಕೆಳಗೇ ಬ್ಯಾಗ್ ಮಡಚಿ ಮಲಗಿದೆ, ತೆರೆದರೆ ಮೂರ್ತಿ ನಿಮ್ಮ ಹೆಂಡತಿಯ ಮುಖಕ್ಕೆ ಬರುತ್ತದೆ. ಭಕ್ತಿಗೆ ಜಾಗ ಬದಲಾದರೆ ಏನೂ ಆಗದು.

ಈಗ ಅವ್ವನವರ ವಿಷಯ. ಹಿಂದೆ ಕೂತವರಿಗೆ ಮುಂದಿನ ಸೀಟೇ ತಡೆ ಅಂತ ನಾವು ಅಂದುಕೊಂಡಿದ್ದೇವೆ. ಅದು ತಡೆಯಲ್ಲ, ಗೋಡೆ. ಜೊತೆಗೆ, ಬೆಲ್ಟ್ ಇಲ್ಲದೆ ಹಿಂದಿನಿಂದ ಹಾರಿ ಬರುವ ಮೈಯ ಭಾರವೆಲ್ಲ ಮುಂದೆ ಕೂತವರ ಬೆನ್ನಿಗೆ ಬೀಳುತ್ತದೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ದೊಡ್ಡ ಬೆಲೆಯ ಕಾರು, ಬ್ಯಾಗ್‌ಗಳಿಗೆ ಕೊರತೆ ಇರಲಿಲ್ಲ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಆ ಇಬ್ಬರೂ ಹೋದರು, ಮುಂದಿನ ಇಬ್ಬರು ಉಳಿದರು. ಹಿಂದೆಯೂ ಬೆಲ್ಟ್ ಕಡ್ಡಾಯ, ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡವೂ ಇದೆ. ನಮ್ಮ ಕಡೆ ದಂಡ ಹಾಕಿದ್ದನ್ನು ನಾನಂತೂ ನೋಡಿಲ್ಲ.

'ಬೆಲ್ಟ್ ಹೊಟ್ಟಿಗಿ ಒತ್ತತದ' ಅಂತ ವಯಸ್ಸಾದವರು ಹೇಳುತ್ತಾರೆ. ಹೊಟ್ಟೆ ಮೇಲೆ ಕಟ್ಟಿದರೆ ಒತ್ತುವುದು ನಿಜ, ಗುದ್ದಿದಾಗ ಕರುಳಿಗೂ ಪೆಟ್ಟು. ಕೆಳಗಿನ ಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಬೇಕು, ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಕೆಳಗೆ, ತೊಡೆ ಶುರುವಾಗುವ ಕಡೆ. ಮೇಲಿನ ಪಟ್ಟಿ ಕತ್ತಿಗೆ ತಾಗದೆ ಭುಜದ ನಡುವೆ ಹಾಯಬೇಕು. ಬಸುರಿ ಹೆಂಗಸರಿಗೂ ಹೀಗೇ, ಹೊಟ್ಟೆಯ ಕೆಳಗೆ. ಒಮ್ಮೆ ನೀವೇ ಕಟ್ಟಿ ತೋರಿಸಿ.

ಅದಕ್ಕಿಂತ ಮೊದಲು ಹಿಂದಿನ ಸೀಟಿನಲ್ಲಿ ಬಕಲ್ ಹುಡುಕಿ. ನಾನು ನೋಡುವ ಹತ್ತು ಕಾರುಗಳಲ್ಲಿ ಆರೇಳರಲ್ಲಿ ಅದು ಹೊಸ ಸೀಟ್ ಕವರಿನ ಕೆಳಗೆ ಹೂತು ಹೋಗಿರುತ್ತದೆ. ಕವರ್ ಹಾಕಿದವನ ಹತ್ತಿರವೇ ಹೋಗಿ, ಬ್ಲೇಡಿನಿಂದ ಎರಡು ಸೀಳು ಹಾಕಿಸಿ ಬಕಲ್ ಮೇಲೆ ತೆಗೆಸಿ. ಹತ್ತು ನಿಮಿಷದ ಕೆಲಸ, ಪರಿಚಯ ಇದ್ದರೆ ದುಡ್ಡೂ ತಗೊಳ್ಳುವುದಿಲ್ಲ.